ಅಮ್ಮನ ಎರಡು ಬೆರಳಿಗೆ ಒಲಿದ ಬೀಗ

ಸಂಜೆಯ ನಡಿಗೆ ಮುಗಿಸಿ ಬಂದ ಅಮ್ಮ ಬಾಗಿಲ ಮುಂದೆ ನಿಂತು, ಬೀಗದ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು ತಿರುಗಿಸಲು ಹೆಣಗುತ್ತಿದ್ದಳು. ನಾನು ಕೆಲಸದಿಂದ ಬಂದು ಮೆಟ್ಟಿಲು ಹತ್ತುತ್ತಿದ್ದೆ. ಬೀಗದ ಕೈ ಸ್ವಲ್ಪ ತಿರುಗುತ್ತಿತ್ತು, ಅವಳ ಬೆರಳುಗಳು ಸೋಲುತ್ತಿದ್ದವು, ಅದು ಮತ್ತೆ ಮೊದಲಿದ್ದಲ್ಲಿಗೇ ಮರಳುತ್ತಿತ್ತು. ಸಂಧಿವಾತ ಅವಳ ಬೆರಳಿನ ಗೆಣ್ಣುಗಳನ್ನು ಹಿಡಿದು ನಾಲ್ಕು ವರ್ಷವಾಗಿತ್ತು.

“ಬಂದು ಎಷ್ಟು ಹೊತ್ತಾಯಿತಮ್ಮಾ?” ಎಂದು ಕೇಳಿದೆ.

“ಈಗಷ್ಟೇ ಬಂದೆ” ಎಂದಳು.

ಆದರೆ ಕೈಚೀಲವನ್ನು ಗೋಡೆಗೆ ಒರಗಿಸಿಟ್ಟಿದ್ದಳು, ಚಪ್ಪಲಿ ಬಿಚ್ಚಿ ಬರಿಗಾಲಲ್ಲಿ ನಿಂತಿದ್ದಳು. ಹೆಬ್ಬೆರಳಿನಲ್ಲಿ ಬೀಗದ ಕೈಯ ಅಂಚು ಒತ್ತಿ ಮೂಡಿದ ಕೆಂಪು ಗುರುತಿತ್ತು. ಈಗಷ್ಟೇ ಬಂದವಳ ಬೆರಳು ಹಾಗಿರುವುದಿಲ್ಲ. ತನ್ನ ಮನೆಯ ಬಾಗಿಲನ್ನು ತಾನೇ ತೆರೆಯಲಾಗದೆ ಯಾರಾದರೂ ಬರಲಿ ಎಂದು ಅವಳು ಕಾದಿದ್ದಳು. ಅದನ್ನು ನನಗೆ ಹೇಳಲು ಅವಳಿಗೆ ಮನಸ್ಸಿರಲಿಲ್ಲ. ಅಂಕಿ ಒತ್ತಿದರೆ ತೆರೆಯುವ ಬೀಗವನ್ನು ಹಾಕಿಸಬೇಕು ಎಂದು ಆ ರಾತ್ರಿಯೇ ನಿರ್ಧರಿಸಿದೆ. ಹಾಕಿಸುವುದಲ್ಲ, ನಾನೇ ಹಾಕಬೇಕು. ಅಮ್ಮ ಒಬ್ಬಳೇ ಇರುವಾಗ ಅದು ಕೈಕೊಟ್ಟರೆ ಎಲ್ಲಿ ಕೈಕೊಟ್ಟಿತು ಎಂಬುದು ನನಗೆ ತಿಳಿದಿರಬೇಕು. ಕಪಾಟಿನ ಬಾಗಿಲು, ಗೋಡೆಯ ಹಲಗೆಗಳನ್ನು ಕೂರಿಸಿ ಅಭ್ಯಾಸವಿತ್ತು. ಮುಂಬಾಗಿಲಿಗೆ ಮಾತ್ರ ಎಂದೂ ಕೈ ಹಾಕಿರಲಿಲ್ಲ.

ಮೊದಲು ಮನಸ್ಸಿಗೆ ಹಿಡಿಸಿದ್ದು ಬ್ಯಾಟರಿಯೇ ಇಲ್ಲದ ಯಾಂತ್ರಿಕ ಅಂಕಿ ಬೀಗ. ಗುಂಡಿಗಳನ್ನು ಒತ್ತಿದರೆ ಒಳಗಿನ ಸಣ್ಣ ತುಣುಕುಗಳು ಸರಿದು ದಾರಿ ಬಿಡುತ್ತವೆ. ವಿದ್ಯುತ್ತಿನ ಹಂಗಿಲ್ಲ, ವರ್ಷಗಟ್ಟಲೆ ಬಾಳುತ್ತದೆ. ಆದರೆ ಅದರಲ್ಲಿ ಎರಡು ತೊಡಕು ಕಂಡವು. ಈ ಬಗೆಯ ಹಲವು ಬೀಗಗಳಲ್ಲಿ ಅಂಕಿಗಳನ್ನು ಯಾವ ಕ್ರಮದಲ್ಲಿ ಒತ್ತಿದರೂ ಒಂದೇ. ಒಂದು ಅಂಕಿಯನ್ನು ಎರಡು ಸಲ ಬಳಸಲೂ ಆಗದು. ಹತ್ತು ಗುಂಡಿಗಳಲ್ಲಿ ನಾಲ್ಕನ್ನು ಆರಿಸುವುದಾದರೆ ಒಟ್ಟು ಸಾಧ್ಯತೆಗಳು 210 ಮಾತ್ರ. ತಾಳ್ಮೆಯಿರುವವನು ಒಂದು ಮಧ್ಯಾಹ್ನದಲ್ಲಿ ಎಲ್ಲವನ್ನೂ ಒತ್ತಿ ನೋಡಬಲ್ಲ. ಎರಡನೆಯದು ಇನ್ನೂ ದೊಡ್ಡದು: ಅಂಕಿ ಒತ್ತಿದ ಮೇಲೆ ಹಿಡಿಯನ್ನು ಕೈಯಿಂದಲೇ ತಿರುಗಿಸಬೇಕು. ಅಮ್ಮನಿಗೆ ಆಗದಿದ್ದುದೇ ಆ ತಿರುಗಿಸುವ ಕೆಲಸ.

ಹಾಗಾಗಿ ಮೋಟಾರು ಇರುವ ಎಲೆಕ್ಟ್ರಾನಿಕ್ ಬೀಗದ ಕಡೆ ತಿರುಗಿದೆ. ಅದರಲ್ಲೂ ಗಾಜಿನ ಮೇಲೆ ಅಂಕಿ ಮಿನುಗುವ, ಮುಟ್ಟಿದರೆ ಸಾಕು ಎನ್ನುವ ಬಗೆ ಈಗ ಹೆಚ್ಚು. ನೋಡಲು ಚೆಂದ. ಆದರೆ ಅಮ್ಮ ಮೊಬೈಲ್ ಬಳಸುವುದನ್ನು ನಾನು ದಿನವೂ ನೋಡುತ್ತೇನೆ. ಅವಳ ಒಣಗಿದ ಬೆರಳ ತುದಿಯನ್ನು ಪರದೆ ಎಷ್ಟೋ ಸಲ ಗುರುತಿಸುವುದೇ ಇಲ್ಲ. ಅಂತಹ ಪರದೆಗಳು ಚರ್ಮದಲ್ಲಿ ಹಾಯುವ ಅತಿಸೂಕ್ಷ್ಮ ವಿದ್ಯುತ್ತನ್ನು ನೆಚ್ಚಿಕೊಂಡಿರುತ್ತವೆ, ಒಣ ಚರ್ಮದಲ್ಲಿ ಅದು ಕುಂದುತ್ತದೆ. ಉಬ್ಬಿದ ರಬ್ಬರ್ ಗುಂಡಿಗಳಿರುವ, ಒತ್ತಿದರೆ ಬೆರಳಿಗೆ ತಿಳಿಯುವ, ಕತ್ತಲಲ್ಲಿ ಹಿಂದಿನಿಂದ ಬೆಳಗುವ ಬೀಗವನ್ನೇ ಹುಡುಕಿದೆ. ಇಂಟರ್ನೆಟ್ ಸಂಪರ್ಕವಿರುವ ಮಾದರಿಗಳನ್ನು ಬೇಕೆಂದೇ ಬಿಟ್ಟೆ. ಸಂಪರ್ಕವನ್ನು ಸದಾ ಜೀವಂತವಾಗಿಡುವುದು ಬ್ಯಾಟರಿಯನ್ನು ಬೇಗ ತಿನ್ನುತ್ತದೆ, ಮತ್ತು ನಮ್ಮ ಮನೆಗೆ ಅದರ ಅಗತ್ಯವಿರಲಿಲ್ಲ. ಒಂದು ವಿಷಯದಲ್ಲಿ ಮಾತ್ರ ರಾಜಿಯಾಗಲಿಲ್ಲ: ಒಳಗಿನಿಂದ ತೆರೆಯಲು ಯಾವ ಅಂಕಿಯೂ ಬೇಕಾಗಬಾರದು, ಒಂದು ಹಿಡಿ ತಿರುಗಿಸಿದರೆ ಸಾಕಾಗಬೇಕು. ಹೊಗೆ ತುಂಬಿದ ಮನೆಯಲ್ಲಿ ಅಂಕಿ ನೆನಪಿಸಿಕೊಂಡು ನಿಲ್ಲುವಂತಾಗಬಾರದು.

ಬೀಗ ಕೊಳ್ಳುವ ಮೊದಲು ಬಾಗಿಲನ್ನು ಅಳೆದೆ. ಇದನ್ನು ತಲೆಕೆಳಗಾಗಿ ಮಾಡಿ, ಬೀಗ ತಂದ ಮೇಲೆ ಅಳೆದು, ಹಿಂದಿರುಗಿಸಿದವರನ್ನು ನಾನು ಬಲ್ಲೆ. ಬೇಕಾದ ಅಳತೆಗಳು ಮೂರು. ಕದದ ದಪ್ಪ: ನಮ್ಮದು 38 ಮಿಲಿಮೀಟರ್ ಗಟ್ಟಿ ಮರ; ಸಾಮಾನ್ಯ ಬೀಗಗಳು 35ರಿಂದ 45ರವರೆಗೆ ಹೊಂದುತ್ತವೆ. ಕದದ ಅಂಚಿನಿಂದ ರಂಧ್ರದ ನಡುವಿನವರೆಗಿನ ದೂರ: ಇದು ಸಾಮಾನ್ಯವಾಗಿ 60 ಅಥವಾ 70 ಮಿಲಿಮೀಟರ್ ಇರುತ್ತದೆ, ನಮ್ಮ ಹಿಡಿಯ ರಂಧ್ರ 60ರಲ್ಲಿತ್ತು. ಇನ್ನೊಂದು, ಬೀಗದ ಬದಿಯಲ್ಲಿ ಕದಕ್ಕೂ ಚೌಕಟ್ಟಿಗೂ ನಡುವಿನ ಸಂದು. ಅದು ಮೇಲಿನಿಂದ ಕೆಳಗಿನವರೆಗೆ ಸಮನಾಗಿರಲಿಲ್ಲ. ಮೇಲೆ ಕಿರಿದು, ಕೆಳಗೆ ಅಗಲ. ಆಗ ಅದನ್ನು ಕಾಗದದಲ್ಲಿ ಬರೆದುಕೊಂಡೆ, ಅಷ್ಟೇ. ಅದು ಏನು ಹೇಳುತ್ತಿದೆ ಎಂದು ಕೇಳಿಸಿಕೊಳ್ಳಲಿಲ್ಲ.

ರಜೆಯ ದಿನ ಬೆಳಿಗ್ಗೆ ಕೆಲಸ ಶುರುವಾಯಿತು. ಹಳೆಯ ಬೀಗವನ್ನು ಬಿಚ್ಚಲಿಲ್ಲ. ಹೊಸದು ಪೂರ್ತಿ ನಂಬಿಕೆಗೆ ಬರುವವರೆಗೆ ಹಳೆಯದು ಇರಲಿ ಎಂದುಕೊಂಡೆ, ಆ ಎಚ್ಚರ ಮುಂದೆ ಬಹಳ ನೆಮ್ಮದಿ ಕೊಟ್ಟಿತು. ಹೊಸದಕ್ಕೆ ಜಾಗವನ್ನು ಅಮ್ಮನೇ ಗುರುತಿಸಿದಳು. ಅವಳನ್ನು ಬಾಗಿಲ ಮುಂದೆ ನಿಲ್ಲಿಸಿ, ಮೊಣಕೈಯನ್ನು ಮೇಲೆತ್ತದೆ ಎಲ್ಲಿ ಒತ್ತಲು ಸುಲಭ ಎಂದು ಕೇಳಿದೆ. ಅವಳು ಬೆರಳಿಟ್ಟ ಜಾಗ ನೆಲದಿಂದ 110 ಸೆಂಟಿಮೀಟರ್ ಎತ್ತರದಲ್ಲಿತ್ತು, ಹಿಡಿಗಿಂತ ಹದಿನಾಲ್ಕು ಸೆಂಟಿಮೀಟರ್ ಮೇಲೆ. ಎರಡರ ಯಂತ್ರಭಾಗಗಳೂ ಒಂದಕ್ಕೊಂದು ತಗಲದಷ್ಟು ಅಂತರ.

ಪೆಟ್ಟಿಗೆಯಲ್ಲಿ ಬಂದಿದ್ದ ಅಚ್ಚುಕಾಗದವನ್ನು ಕದದ ಅಂಚಿಗೆ ಮಡಚಿ ಅಂಟಿಸಿ, ದಬ್ಬಳದಿಂದ ಎರಡು ಗುರುತು ಚುಚ್ಚಿದೆ: ಒಂದು ಕದದ ಮುಖದಲ್ಲಿ, ಒಂದು ಅಂಚಿನ ನಡುವೆ. ಮುಖದ ರಂಧ್ರ 54 ಮಿಲಿಮೀಟರ್, ಅಂಚಿನದು 25. ಡ್ರಿಲ್ಲಿಗೆ ಹೋಲ್ ಸಾ, ಅಂದರೆ ದುಂಡಗೆ ರಂಧ್ರ ಕೊರೆಯುವ ಗರಗಸ, ಸಿಕ್ಕಿಸಿ ಕದದ ಮುಂದೆ ನಿಂತಾಗ ಕೈ ತಡೆಯಿತು. ಸ್ಕ್ರೂ ತಪ್ಪಾದರೆ ತೆಗೆಯಬಹುದು, ಬಾಗಿಲಲ್ಲಿ ತೆಗೆದ ಮುಷ್ಟಿ ಗಾತ್ರದ ರಂಧ್ರವನ್ನು ಮರಳಿ ಮುಚ್ಚಲಾಗದು. ಹಾಗಾಗಿ ಮೊದಲು ಅಷ್ಟೇ ದಪ್ಪದ ಒಂದು ಹಳೆಯ ಹಲಗೆಯಲ್ಲಿ ಕೊರೆದು ನೋಡಿದೆ. ಒಂದೇ ಕಡೆಯಿಂದ ಕೊರೆದಾಗ ಹಲ್ಲುಗಳು ಆಚೆ ಬದಿಗೆ ಹೊರಬೀಳುವ ಹೊತ್ತಿಗೆ ಮರವನ್ನು ಸೀಳಿ ಚಕ್ಕೆ ಎಬ್ಬಿಸಿದವು. ಎರಡನೆಯ ಸಲ, ನಡುವಿನ ತೆಳ್ಳನೆಯ ಮೊನೆ ಆಚೆ ಇಣುಕಿದೊಡನೆ ನಿಲ್ಲಿಸಿ, ಉಳಿದದ್ದನ್ನು ಆಚೆ ಬದಿಯಿಂದ ಕೊರೆದೆ. ಎರಡೂ ಮುಖ ನುಣುಪಾಗಿ ಬಂದವು. ಬಾಗಿಲಿಗೂ ಹಾಗೆಯೇ ಮಾಡಿದೆ. ಡ್ರಿಲ್ಲನ್ನು ನಾನು ನೇರವಾಗಿ ಹಿಡಿದಿದ್ದೇನೆಯೇ ಎಂದು ನನಗೆ ಕಾಣುತ್ತಿರಲಿಲ್ಲ. ಅಮ್ಮ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತು “ಸ್ವಲ್ಪ ಕೆಳಗೆ, ಈಗ ಸರಿ” ಎಂದು ಹೇಳುತ್ತಿದ್ದಳು. ಅವಳ ಕಣ್ಣಿಗೆ ಗೆಣ್ಣುಗಳ ತೊಂದರೆಯಿಲ್ಲವಲ್ಲ.

ಅಂಚಿನ ರಂಧ್ರವನ್ನು ಕೊರೆದು ಅಗುಳಿಯನ್ನು ತೂರಿಸಿದೆ. ಅಗುಳಿಯೆಂದರೆ ಬೀಗದಿಂದ ಹೊರಚಾಚಿ ಚೌಕಟ್ಟಿನೊಳಗೆ ಸೇರುವ ಲೋಹದ ನಾಲಿಗೆ, ಬೀಗದ ಬಲವೆಲ್ಲ ಅದರದೇ. ಅದರ ಮುಖಪಟ್ಟಿ ಕದದ ಅಂಚಿನೊಂದಿಗೆ ಸಮತಲವಾಗಿ ಕೂರಬೇಕು, ಇಲ್ಲದಿದ್ದರೆ ಬಾಗಿಲು ಮುಚ್ಚುವಾಗ ಚೌಕಟ್ಟಿಗೆ ಉಜ್ಜುತ್ತದೆ. ಪಟ್ಟಿಯ ಸುತ್ತ ಚಾಕುವಿನಿಂದ ಗೆರೆ ಕೊಯ್ದು, ಉಳಿಯಿಂದ ತೆಳು ತೆಳುವಾಗಿ ಮರ ಎಬ್ಬಿಸಿದೆ. ಚಾಕುವಿನ ಗೆರೆ ಇದ್ದಾಗ ಉಳಿ ಅದರಾಚೆ ಸೀಳುವುದಿಲ್ಲ. ಉಳಿಯನ್ನು ಹಿಂದಿನ ರಾತ್ರಿಯೇ ಮಸೆದಿಟ್ಟಿದ್ದೆ. ಇಡೀ ಕೆಲಸದಲ್ಲಿ ನನಗೆ ಹೆಚ್ಚು ಖುಷಿ ಕೊಟ್ಟದ್ದು ಆ ಅರ್ಧ ಗಂಟೆ.

ಇನ್ನು ಚೌಕಟ್ಟು. ಅಗುಳಿಯ ತುದಿಗೆ ತಂಗಿಯ ಹಳೆಯ ಲಿಪ್‌ಸ್ಟಿಕ್ ಹಚ್ಚಿ, ಬಾಗಿಲು ಮುಚ್ಚಿ, ಅಗುಳಿಯನ್ನು ಹೊರಚಾಚಿಸಿ ಚೌಕಟ್ಟಿಗೆ ಮುಟ್ಟಿಸಿದೆ. ಕೆಂಪು ಗುರುತು ಬಿದ್ದಲ್ಲಿ ರಂಧ್ರ ಕೊರೆದು, ಅದರ ಬಾಯಿಗೆ ಲೋಹದ ಪಟ್ಟಿಯನ್ನು ಕೂರಿಸಿದೆ. ಪೆಟ್ಟಿಗೆಯಲ್ಲಿದ್ದ ಸ್ಕ್ರೂಗಳಲ್ಲಿ ಎರಡು ಉದ್ದನೆಯವು, 75 ಮಿಲಿಮೀಟರಿನವು. ಗಿಡ್ಡ ಸ್ಕ್ರೂಗಳು ಚೌಕಟ್ಟಿನ ಮೇಲ್ಪದರವನ್ನಷ್ಟೇ ಹಿಡಿಯುತ್ತವೆ. ಬಾಗಿಲನ್ನು ಯಾರಾದರೂ ಒದ್ದರೆ ಬಹಳ ಸಲ ಮೊದಲು ಸೋಲುವುದು ಪಟ್ಟಿಯ ಸುತ್ತಲಿನ ಆ ಮರವೇ. ಉದ್ದನೆಯವು ಹಿಂದಿನ ಗಟ್ಟಿಭಾಗದವರೆಗೂ ಇಳಿಯುತ್ತವೆ. ಎಲ್ಲವೂ ಸರಿಯಿದೆ ಎನಿಸಿತು. ಬಾಗಿಲು ಮುಚ್ಚಿ ಒಳಗಿನಿಂದ ಅಗುಳಿಯ ಯಂತ್ರಕ್ಕೆ ಸ್ಕ್ರೂಡ್ರೈವರ್ ತೂರಿಸಿ ತಿರುಗಿಸಿದೆ. ಅಗುಳಿ ಒಳಗೆ ಸೇರಿತು.

“ಅಮ್ಮಾ, ನೀನೊಮ್ಮೆ ನೋಡು” ಎಂದೆ.

ಅವಳು ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಸ್ಕ್ರೂಡ್ರೈವರ್ ಹಿಡಿದು ತಿರುಗಿಸಿದಳು. ಅಗುಳಿ ಅರ್ಧಕ್ಕೆ ನಿಂತಿತು. ಇನ್ನೊಮ್ಮೆ ಪ್ರಯತ್ನಿಸಿದಳು, ಆಗಲಿಲ್ಲ. “ನನ್ನ ಕೈಯಲ್ಲಿ ಬಲವಿಲ್ಲ” ಎಂದು ಹಿಂದೆ ಸರಿದಳು.

ನಾನು ಮತ್ತೆ ತಿರುಗಿಸಿದೆ, ಆಯಿತು. ಮೂರನೆಯ ಸಲ ನನ್ನನ್ನು ನಾನೇ ಗಮನಿಸಿದೆ. ನನ್ನ ಎಡಗೈ ಬಾಗಿಲನ್ನು ಚೌಕಟ್ಟಿಗೆ ಒತ್ತಿ ಹಿಡಿದಿತ್ತು. ಲಿಪ್‌ಸ್ಟಿಕ್ ಗುರುತು ಹಾಕುವಾಗಲೂ ಹಾಗೆಯೇ ಒತ್ತಿ ಹಿಡಿದಿದ್ದೆ. ನಮ್ಮ ಚೌಕಟ್ಟಿನ ಸುತ್ತ ದೂಳು ತಡೆಯಲು ರಬ್ಬರ್ ಪಟ್ಟಿಯಿದೆ. ಕೈ ಬಿಟ್ಟೊಡನೆ ಅದು ಬಾಗಿಲನ್ನು ಎರಡು ಮಿಲಿಮೀಟರಿನಷ್ಟು ಹಿಂದಕ್ಕೆ ತಳ್ಳುತ್ತದೆ. ಆ ಎರಡು ಮಿಲಿಮೀಟರ್ ಅಗುಳಿಯ ಬದಿಯನ್ನು ಲೋಹದ ಪಟ್ಟಿಗೆ ಉಜ್ಜುವಂತೆ ಮಾಡುತ್ತಿತ್ತು. ನಾನು ಕಂಡುಕೊಂಡ ಅತಿ ಮುಖ್ಯ ಸಂಗತಿ ಇದು: ನಮ್ಮ ಕೈ ಬಾಗಿಲಿಗೆ ಅರಿವಿಲ್ಲದೆಯೇ ನೂರು ಉಪಕಾರ ಮಾಡುತ್ತಿರುತ್ತದೆ. ತುಸು ಎತ್ತುತ್ತದೆ, ತುಸು ಎಳೆಯುತ್ತದೆ, ತುಸು ಒತ್ತುತ್ತದೆ. ಮೋಟಾರಿಗೆ ಅದಾವುದೂ ತಿಳಿಯದು. ಅದಕ್ಕೆ ಗೊತ್ತಿರುವುದು ತಿರುಗುವುದೊಂದೇ, ಅದೂ ನಾಲ್ಕು ಸಣ್ಣ ಬ್ಯಾಟರಿಗಳ ಬಲದಲ್ಲಿ. ಅಮ್ಮನ ಬೆರಳಿಗೆ ಜಗ್ಗದ ಅಗುಳಿ ಮೋಟಾರಿಗೂ ಜಗ್ಗುವುದಿಲ್ಲ, ಜಗ್ಗಿದರೂ ಪ್ರತಿಸಲ ಏದುಸಿರು ಬಿಟ್ಟು ಬ್ಯಾಟರಿಯನ್ನು ಬರಿದು ಮಾಡುತ್ತದೆ. ಬಲವಿಲ್ಲ ಎಂದು ಅವಳು ಹಿಂದೆ ಸರಿದಿದ್ದಳಲ್ಲ, ಆ ಬೆರಳುಗಳೇ ನನಗೆ ಬೇಕಾದ ಅಳತೆಗೋಲು ಎಂದು ಅವಳಿಗೆ ಹೇಳಿದೆ. ಅವಳು ನಂಬಲಿಲ್ಲ. ಆದರೂ ಮುಂದಿನ ಎರಡು ಸಂಜೆ ನಾನು ಕರೆದಾಗಲೆಲ್ಲ ಬಂದು ತಿರುಗಿಸಿ ನೋಡಿದಳು.

ಆ ಎರಡು ಸಂಜೆ ಬೀಗದ ಕೆಲಸವೇ ಆಗಲಿಲ್ಲ, ಆದದ್ದೆಲ್ಲ ಬಾಗಿಲಿನ ಕೆಲಸ. ಲೋಹದ ಪಟ್ಟಿಯನ್ನು ಬಿಚ್ಚಿ, ಚೌಕಟ್ಟಿನ ರಂಧ್ರವನ್ನು ಉಳಿಯಿಂದ ಎರಡು ಮಿಲಿಮೀಟರ್ ಹಿಗ್ಗಿಸಿ, ಪಟ್ಟಿಯನ್ನು ಅತ್ತ ಸರಿಸಿದೆ. ಇತ್ತ ಉಳಿದ ಸಂದಿಗೆ ತೆಳು ಮರದ ಚಕ್ಕೆಯನ್ನು ಅಂಟು ಹಾಕಿ ಕೂರಿಸಿದೆ. ಈಗ ಪಕ್ಕದ ಉಜ್ಜಾಟ ನಿಂತಿತು, ಆದರೆ ಕೆಳಗಿನದು ಉಳಿಯಿತು. ಅಗುಳಿಯ ಕೆಳಬದಿಯಲ್ಲಿ ಹೊಳೆಯುವ ಗೀರು ಮೂಡುತ್ತಿತ್ತು. ಬರೆದಿಟ್ಟುಕೊಂಡು ಮರೆತಿದ್ದ ಮೂರನೆಯ ಅಳತೆ ಆಗ ಮಾತನಾಡಿತು. ಮೇಲೆ ಕಿರಿದು, ಕೆಳಗೆ ಅಗಲ, ಅಂದರೆ ಕದ ಜೋತುಬಿದ್ದಿದೆ. ಮೇಲಿನ ಕೀಲನ್ನು ನೋಡಿದರೆ ಎರಡು ಸ್ಕ್ರೂಗಳು ಬೆರಳಿಗೇ ತಿರುಗುತ್ತಿದ್ದವು. ಸವೆದ ರಂಧ್ರಗಳಲ್ಲಿ ಅವು ಹಿಡಿತ ಕಳೆದುಕೊಂಡಿದ್ದವು. ಅವುಗಳ ಜಾಗದಲ್ಲಿ ಉದ್ದನೆಯ ಸ್ಕ್ರೂ ಹಾಕಿ ಬಿಗಿದಾಗ ಕದದ ಬೀಗದ ಬದಿ ಕಣ್ಣಿಗೆ ಕಾಣುವಷ್ಟು ಮೇಲೇರಿತು. ಆ ಕ್ಷಣ ನನಗೆ ಬಾಗಿಲು ಬೆನ್ನು ನೆಟ್ಟಗೆ ಮಾಡಿ ನಿಂತಂತೆ ಕಂಡಿತು.

ಇಷ್ಟಾದರೂ ಅಗುಳಿ ಕೊನೆಯ ಎರಡು ಮಿಲಿಮೀಟರ್ ಚಾಚುತ್ತಿರಲಿಲ್ಲ. ಇದು ಪಾರಾಗಿ ಹೋಗಬಹುದಾಗಿದ್ದ ದೋಷ. ಬಾಗಿಲು ಮುಚ್ಚಿಯೇ ಇರುತ್ತದೆ, ಎಳೆದರೆ ತೆರೆಯುವುದಿಲ್ಲ. ಆದರೆ 25 ಮಿಲಿಮೀಟರ್ ಪೂರ್ತಿ ಚಾಚಿದ ಮೇಲಷ್ಟೇ ಇಂತಹ ಅಗುಳಿ ಒಳಗೆ ಸಿಕ್ಕಿಕೊಂಡು ಗಟ್ಟಿಯಾಗುತ್ತದೆ. ಅದಕ್ಕಿಂತ ಕಡಿಮೆಯಾದರೆ ಹಿಂದಕ್ಕೆ ತಳ್ಳಲು ಆಗಿಬಿಡಬಹುದು. ಟಾರ್ಚ್ ಹಿಡಿದು ನೋಡಿದೆ. ಚೌಕಟ್ಟಿನ ರಂಧ್ರದ ತಳದಲ್ಲಿ ನಾನೇ ಕೊರೆದ ಮರದ ಹೊಟ್ಟು ಗಟ್ಟಿಯಾಗಿ ಅಡಕಿಕೊಂಡಿತ್ತು. ಹೊಟ್ಟನ್ನು ಕೆದಕಿ, ರಂಧ್ರವನ್ನು ಇನ್ನಷ್ಟು ಆಳ ಮಾಡಿ, ಅಮ್ಮನನ್ನು ಕರೆದೆ. ಎರಡು ಬೆರಳು, ಒಂದು ತಿರುವು. ಅಗುಳಿ ಸದ್ದಿಲ್ಲದೆ ಜಾರಿತು.

“ಈಗ ಬಾಗಿಲು ಒತ್ತಿ ಹಿಡಿದಿದ್ದೀಯಾ?” ಎಂದು ನನ್ನ ಎಡಗೈಯನ್ನೇ ನೋಡುತ್ತ ಕೇಳಿದಳು. ನನ್ನ ಎರಡೂ ಕೈ ಬೆನ್ನ ಹಿಂದಿದ್ದವು.

ಜೋಡಣೆಯ ಕುರಿತು ಹೆಚ್ಚು ಹೇಳುವುದಿಲ್ಲ, ಕೈಪಿಡಿಯಲ್ಲಿ ಚಿತ್ರಗಳಿರುತ್ತವೆ. ಎರಡು ಕಡೆ ಮಾತ್ರ ನಿಧಾನಿಸಬೇಕು. ಹೊರಗಿನ ಗುಂಡಿಫಲಕದಿಂದ ಬರುವ ತಂತಿ ಅಗುಳಿಯ ಯಂತ್ರದ ಕೆಳಗಿನಿಂದ ಒಳಬದಿಗೆ ಬರುತ್ತದೆ. ಮೊದಲ ಸಲ ಒಳಗಿನ ಫಲಕವನ್ನು ಬಿಗಿದಾಗ ಒಂದು ಮೂಲೆ ಎದ್ದು ನಿಂತಿತು. ಇನ್ನೊಂದು ಸುತ್ತು ಬಿಗಿದರೆ ಕೂರುತ್ತದೆ ಎನಿಸಿದರೂ ಬಿಚ್ಚಿ ನೋಡಿದೆ; ತಂತಿ ಫಲಕಕ್ಕೂ ಮರಕ್ಕೂ ನಡುವೆ ಸಿಕ್ಕಿ ಚಪ್ಪಟೆಯಾಗಿತ್ತು. ಹೊದಿಕೆ ಹರಿದಿರಲಿಲ್ಲ, ನನ್ನ ಪುಣ್ಯ. ಇನ್ನೊಂದು, ಎರಡು ಮುಖ್ಯ ಸ್ಕ್ರೂಗಳನ್ನು ಕೈಯಿಂದಲೇ, ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ನಾನು ಉತ್ಸಾಹದಲ್ಲಿ ಬಲವಾಗಿ ಬಿಗಿದೆ, ಸಲೀಸಾಗಿದ್ದ ಅಗುಳಿ ಮತ್ತೆ ಬಿರುಸಾಯಿತು. ಕಾಲು ಸುತ್ತು ಸಡಿಲಿಸಿದಾಗ ಸರಿಹೋಯಿತು. ಬ್ಯಾಟರಿ ಹಾಕುವುದು ಇದೆಲ್ಲ ಮುಗಿದ ಮೇಲೆಯೇ.

ಬ್ಯಾಟರಿ ಹಾಕಿದೊಡನೆ ಬೀಗ ತಾನಾಗಿ ಅಗುಳಿಯನ್ನು ಒಮ್ಮೆ ಹೊರಚಾಚಿ ಒಳಗೆಳೆದುಕೊಂಡಿತು. ಕದ ಎಡಕ್ಕೆ ತೆರೆಯುವುದೋ ಬಲಕ್ಕೋ ಎಂದು ಅದು ಕಲಿಯುವ ಬಗೆ ಅದು. ಈ ಹಂತದಲ್ಲೆಲ್ಲ ಬಾಗಿಲು ತೆರೆದೇ ಇತ್ತು. ಹೊಸ ಅಂಕಿಯನ್ನು ತೆರೆದ ಬಾಗಿಲಿನಲ್ಲಿ ಹತ್ತಾರು ಸಲ ಒತ್ತಿ ಪರೀಕ್ಷಿಸಿದ ಮೇಲೆ, ಒಬ್ಬರು ಒಳಗೆ ಒಬ್ಬರು ಹೊರಗೆ ನಿಂತು ಬಾಗಿಲು ಮುಚ್ಚಿ ನೋಡಿದೆವು. ಬ್ಯಾಟರಿಗಳು ಕ್ಷಾರೀಯವೇ (ಆಲ್ಕಲೈನ್) ಆಗಿರಬೇಕು ಎಂದು ಕೈಪಿಡಿ ಹೇಳಿತ್ತು. ಮರುಪೂರಣ ಮಾಡುವ ಬ್ಯಾಟರಿಗಳು ಮನೆಯಲ್ಲಿದ್ದರೂ ಹಾಕಲಿಲ್ಲ. ಅವುಗಳದು 1.2 ವೋಲ್ಟ್, ಇವುಗಳದು 1.5, ತುಂಬಿದ ಬ್ಯಾಟರಿಯನ್ನೇ ಬೀಗ ಬರಿದಾಗುತ್ತಿರುವುದು ಎಂದು ತಪ್ಪು ತಿಳಿಯುತ್ತದೆ. ಲೀಥಿಯಂ ಬ್ಯಾಟರಿಗಳದು ಅದಕ್ಕೆ ತಿರುಗುಮುರುಗು ತೊಂದರೆ: ಕೊನೆಯವರೆಗೂ ಒಂದೇ ಬಲ ತೋರಿಸಿ ಥಟ್ಟನೆ ಕುಸಿಯುವುದರಿಂದ ಎಚ್ಚರಿಕೆಗೆ ಸಮಯ ಸಿಗುವುದಿಲ್ಲ.

ಕಾರ್ಖಾನೆಯಿಂದ ಬಂದ ಅಂಕಿಯನ್ನು ಮೊದಲು ಅಳಿಸಿದೆ. ನಂತರ ಅಮ್ಮನ ಅಂಕಿ. ಅವಳು ಹೇಳಿದ್ದು ತಾನು ಹುಟ್ಟಿದ ವರ್ಷ. ಬೇಡ ಎಂದೆ; ನಮ್ಮನ್ನು ಬಲ್ಲವರೆಲ್ಲ ಮೊದಲು ಊಹಿಸುವುದು ಅದನ್ನೇ. ನಾಲ್ಕಂಕಿಯ ಸಂಕೇತಗಳು ಒಟ್ಟು 10,000 ಇವೆ. ನಮ್ಮ ಬೀಗ ಐದು ಸಲ ತಪ್ಪಿದರೆ ಒಂದು ನಿಮಿಷ ಸುಮ್ಮನಾಗುತ್ತದೆ, ಹಾಗಾಗಿ ಎಲ್ಲವನ್ನೂ ಒತ್ತಿ ನೋಡಲು ಮೂವತ್ತಮೂರು ಗಂಟೆಗೂ ಹೆಚ್ಚು ಬೇಕು. ಅಪಾಯವಿರುವುದು ಬೇರೆ ಕಡೆ. ವರ್ಷಗಳಾದ ಮೇಲೆ ಬಳಸಿದ ಗುಂಡಿಗಳು ಮಾತ್ರ ಸವೆದು ಗುಟ್ಟು ಬಿಟ್ಟುಕೊಡುತ್ತವೆ. ನಾಲ್ಕು ಬೇರೆ ಬೇರೆ ಅಂಕಿಗಳು ಸವೆದಿದ್ದರೆ ಸಾಧ್ಯವಿರುವ ಕ್ರಮಗಳು 24. ಒಂದನ್ನು ಎರಡು ಸಲ ಬಳಸಿ ಮೂರು ಗುಂಡಿಗಳಷ್ಟೇ ಸವೆದಿದ್ದರೆ 36. ಒಂದು ಗುಂಡಿ ಕಡಿಮೆ, ಆದರೂ ಹೆಚ್ಚು ಭದ್ರ! ಇದನ್ನು ಕಾಗದದಲ್ಲಿ ಬರೆದು ತೋರಿಸಿದಾಗ ಅಮ್ಮ ತಾನೇ ಎಲ್ಲ ಕ್ರಮಗಳನ್ನೂ ಬರೆದು ಎಣಿಸಿದಳು, ಆಮೇಲೆ ಒಪ್ಪಿದಳು. ಅವಳು ಆರಿಸಿದ ಅಂಕಿ ಇಲ್ಲಿ ಬೇಡ. ಅದನ್ನು ಅವಳು ಸಂಖ್ಯೆಯಾಗಿ ನೆನಪಿಟ್ಟಿಲ್ಲ ಎಂದಷ್ಟೇ ಹೇಳುತ್ತೇನೆ. ಬೆರಳು ಸಾಗುವ ದಾರಿಯಾಗಿ ಕಲಿತಳು. ಬಾಯಲ್ಲಿ ಹೇಳು ಎಂದರೆ ಗಾಳಿಯಲ್ಲಿ ಒತ್ತಿ ನೋಡಿಕೊಂಡು ಹೇಳುತ್ತಾಳೆ.

ತಂಗಿಗೆ ಬೇರೆ ಅಂಕಿ, ನನಗೆ ಬೇರೆ. ನೆಂಟರು ಬಂದಾಗ ಕೊಡುವುದನ್ನು ಅವರು ಹೊರಟ ದಿನವೇ ಅಳಿಸುತ್ತೇನೆ. ತಾನಾಗಿ ಬೀಗ ಬೀಳುವ ಸೌಲಭ್ಯವನ್ನು ನಿಲ್ಲಿಸಿಟ್ಟಿದ್ದೇನೆ. ನಮ್ಮ ಬೀಗಕ್ಕೆ ಬಾಗಿಲು ಮುಚ್ಚಿದೆಯೋ ಇಲ್ಲವೋ ತಿಳಿಯುವುದಿಲ್ಲ, ತೆರೆದ ಬಾಗಿಲಿನಲ್ಲೇ ಅಗುಳಿ ಚಾಚಿಬಿಟ್ಟರೆ ಮುಚ್ಚುವಾಗ ಚೌಕಟ್ಟಿಗೆ ಬಡಿಯುತ್ತದೆ. ಹೊರಡುವಾಗ ಒಂದು ಗುಂಡಿ ಒತ್ತಿದರೆ ಬೀಗ ಬೀಳುತ್ತದೆ, ಅಮ್ಮನಿಗೆ ಅದೇ ಹಿತ. ಜೊತೆಗೆ ಬಂದ ಬೀಗದ ಕೈ ತಂಗಿಯ ಮನೆಯಲ್ಲಿದೆ. ಮನೆಯೊಳಗಿನ ಪೆಟ್ಟಿಗೆಯಲ್ಲಿಟ್ಟರೆ ಬೇಕಾದ ದಿನ ಅದು ಬಾಗಿಲ ಆಚೆಗಿರುತ್ತದೆ. ಬ್ಯಾಟರಿ ಪೂರ್ತಿ ಸತ್ತರೆ ಹೊರಗಿನ ಫಲಕದ ಕೆಳಗಿರುವ ಎರಡು ಲೋಹದ ಚುಕ್ಕೆಗಳಿಗೆ 9 ವೋಲ್ಟ್ ಬ್ಯಾಟರಿ ಮುಟ್ಟಿಸಿ ಅಂಕಿ ಒತ್ತಬಹುದು. ಅದನ್ನೂ ಒಮ್ಮೆ ಮಾಡಿ ನೋಡಿದೆ. ಹದಿನೈದು ದಿನ ಕಳೆದ ಮೇಲೆ ಹಳೆಯ ಬೀಗವನ್ನು ಬಿಚ್ಚಿ, ಅದರ ರಂಧ್ರಗಳಿಗೆ ಮರದ ಬೆಣೆ ಬಡಿದು ಬಣ್ಣ ಹಚ್ಚಿದೆ.

ಮಳೆಗಾಲದಲ್ಲಿ ಕದ ಉಬ್ಬಿ ಮತ್ತೆ ಉಜ್ಜಬಹುದು ಎಂದು ಹೆದರಿದ್ದೆ. ಸ್ವಲ್ಪ ಉಬ್ಬಿತು, ಮೇಲಂಚನ್ನು ಒಮ್ಮೆ ಹತ್ತರಿ ಹೊಡೆದದ್ದು ಸಾಕಾಯಿತು. ಬೀಗಕ್ಕೆ ಎಣ್ಣೆ ಬಿಡಲಿಲ್ಲ, ಎಣ್ಣೆಗೆ ದೂಳು ಅಂಟುತ್ತದೆ. ಅಗುಳಿಗೆ ಗ್ರಾಫೈಟ್ ಪುಡಿ ಮಾತ್ರ.

ಹನ್ನೊಂದು ತಿಂಗಳಾದ ಮೇಲೆ ಒಂದು ಸಂಜೆ ಅಮ್ಮ ಒಳಗೆ ಬಂದವಳೇ “ಅದರ ದನಿ ಬದಲಾಗಿದೆ” ಎಂದಳು. ನನಗೇನೂ ತಿಳಿಯಲಿಲ್ಲ. ಕೆಂಪು ದೀಪ ಹತ್ತಿರಲಿಲ್ಲ. “ಮೊದಲು ಸರ್ ಎಂದು ಹೋಗುತ್ತಿತ್ತು, ಈಗ ಎಳೆದುಕೊಂಡು ಹೋಗುತ್ತಿದೆ” ಎಂದಳು. ಎರಡು ದಿನ ಬಿಟ್ಟು ಕೆಂಪು ದೀಪ ಹತ್ತಿತು. ನಾಲ್ಕೂ ಬ್ಯಾಟರಿಗಳನ್ನು ಬದಲಾಯಿಸಿ, ಮುಚ್ಚಳದ ಒಳಬದಿಯಲ್ಲಿ ತಾರೀಖು ಬರೆದೆ. ಅಮ್ಮ ಹೊರಗೆ ನಿಂತು ಬಾಗಿಲು ಎಳೆದುಕೊಂಡಳು. ನಾಲ್ಕು ಸಲ ಗುಂಡಿಯ ಸದ್ದು, ಆಮೇಲೆ ಅಗುಳಿ ಸರಿದ ಸದ್ದು. ಬಾಗಿಲು ತೆರೆದು ಇಣುಕಿ, “ಈಗ ಸರಿಯಾಯಿತು” ಎಂದು ಹೇಳಿ, ಮತ್ತೆ ಮುಚ್ಚಿ ನಡಿಗೆಗೆ ಹೊರಟಳು.